ಆಂಟನ್ ಸರ್ಮ್ಯಾಕ್ ಒಬ್ಬನೇ ಮೇಲೆ ಬಂದವನಲ್ಲ

ಶಿಕಾಗೋ ನಗರದ ಮೇಯರುಗಳ ಬಗ್ಗೆ ಬರೆಯುವವರು ಆಂಟನ್ ಸರ್ಮ್ಯಾಕನ ಹೆಸರು ಬಂದ ಕೂಡಲೇ ಒಂದೇ ಕಥೆಯನ್ನು ಕೈಗೆತ್ತಿಕೊಳ್ಳುತ್ತಾರೆ. 1873ರಲ್ಲಿ ಬೊಹೀಮಿಯಾದ ಕ್ಲಾದ್ನೋ ಎಂಬ ಗಣಿ ಊರಿನಲ್ಲಿ ಹುಟ್ಟಿದ ಮಗು, ಮರುವರ್ಷವೇ ಅಪ್ಪ ಅಮ್ಮನ ಜತೆ ಅಮೆರಿಕಕ್ಕೆ ಬಂತು. ಹುಡುಗನಾಗಿದ್ದಾಗಲೇ ಕಲ್ಲಿದ್ದಲ ಗಣಿಗೆ ಇಳಿಯಿತು. ಹದಿಹರೆಯದಲ್ಲಿ ಶಿಕಾಗೋ ಸೇರಿ ಟ್ರಾಮ್ ಎಳೆಯುವ ಕುದುರೆಗಳನ್ನು ನಡೆಸಿತು, ಕೂಡಿಟ್ಟ ಹಣದಲ್ಲಿ ಒಂದು ಕುದುರೆ, ಒಂದು ಗಾಡಿ ಕೊಂಡು ಸೌದೆ ಮಾರಿತು, ಕಡೆಗೆ 1931ರಲ್ಲಿ ಅಮೆರಿಕದ ಎರಡನೇ ದೊಡ್ಡ ನಗರಕ್ಕೆ ಮೇಯರ್ ಆಯಿತು. ಎರಡು ವರ್ಷ ತುಂಬುವ ಮೊದಲೇ, ಅಧ್ಯಕ್ಷನಾಗಿ ಆರಿಸಿ ಬಂದಿದ್ದ ಫ್ರಾಂಕ್ಲಿನ್ ರೂಸ್‌ವೆಲ್ಟ್‌ಗೆ ಇಟ್ಟ ಗುರಿ ತಪ್ಪಿ ಗುಂಡು ಇವನಿಗೆ ತಗುಲಿತು. ದುಡಿಮೆ, ಛಲ, ಅವಕಾಶ ಕೊಡುವ ದೇಶ, ಕೊನೆಗೆ ಬಲಿದಾನ: ಕಥೆಗೆ ಬೇಕಾದದ್ದೆಲ್ಲ ಇದೆ.

ಈ ಕಥೆಯಲ್ಲಿ ಸುಳ್ಳು ಹೆಚ್ಚಿಲ್ಲ. ಆದರೂ ಇದು ಸರ್ಮ್ಯಾಕನ ಬದುಕಿನ ಮುಖ್ಯ ವಿಷಯವನ್ನೇ ಬಿಟ್ಟುಬಿಡುತ್ತದೆ ಎಂಬುದು ನನ್ನ ವಾದ. ಗಣಿಗೆ ಇಳಿದ ಹುಡುಗರು ಸಾವಿರಾರು ಮಂದಿ ಇದ್ದರು, ಸೌದೆ ಗಾಡಿ ಹೊಡೆದವರಿಗೂ ಲೆಕ್ಕವಿಲ್ಲ. ಅವರ ಬೆವರು ಇವನ ಬೆವರಿಗಿಂತ ಅಗ್ಗವಾಗಿರಲಿಲ್ಲ. ಅವರು ಯಾರೂ ಮೇಯರ್ ಆಗಲಿಲ್ಲ, ಇವನು ಆದ. ಹಾಗಾದರೆ ವ್ಯತ್ಯಾಸವನ್ನು ಬೆವರಿನಲ್ಲಿ ಹುಡುಕಿ ಏನು ಪ್ರಯೋಜನ?

ಅವನು ಬೆಳೆದ ಬ್ರೇಡ್‌ವುಡ್ ಊರನ್ನು ಮೊದಲು ನೋಡೋಣ. ಶಿಕಾಗೋದಿಂದ ನೈಋತ್ಯಕ್ಕೆ ಸುಮಾರು 60 ಮೈಲಿ ದೂರದ ಕಲ್ಲಿದ್ದಲ ಊರು ಅದು. 1883ರ ಫೆಬ್ರವರಿಯಲ್ಲಿ ಪಕ್ಕದ ಡೈಮಂಡ್ ಗಣಿಗೆ ಕರಗಿದ ಹಿಮದ ನೀರು ನುಗ್ಗಿ 70ರಷ್ಟು ಜನ ಒಳಗೇ ಸತ್ತರು. ಸತ್ತವರಲ್ಲಿ ಹುಡುಗರೂ ಇದ್ದರು. ಆಗ ಸರ್ಮ್ಯಾಕನಿಗೆ ಒಂಬತ್ತು ವರ್ಷ. ಕೆಲವೇ ವರ್ಷಗಳಲ್ಲಿ ಅವನೂ ಅಂಥ ಗಣಿಗಳಿಗೇ ಇಳಿಯಬೇಕಾಯಿತು. ಆ ಊರು ಯಾರಿಗಾದರೂ ಕಲಿಸಿದ್ದರೆ ಒಬ್ಬಂಟಿಯಾಗಿ ಮೇಲೆ ಬರುವ ಪಾಠವನ್ನಂತೂ ಕಲಿಸಿರಲಾರದು. ಪಕ್ಕದವನು ಆಧಾರಕ್ಕೆ ಮರದ ಕಂಬ ಸರಿಯಾಗಿ ನಿಲ್ಲಿಸಿದ್ದಾನೆಯೇ ಎಂಬುದರ ಮೇಲೆ ಗಣಿಯವನ ಜೀವ ನಿಂತಿರುತ್ತದೆ.

ಶಿಕಾಗೋಗೆ ಬಂದ ಮೇಲೆ ಅವನು ನೆಲೆಸಿದ್ದು ಚೆಕ್ ಜನರ ಬಡಾವಣೆಗಳಲ್ಲಿ. ಮೊದಲು ಪಿಲ್ಸನ್, ಆಮೇಲೆ ಅಲ್ಲಿಂದ ಪಶ್ಚಿಮಕ್ಕೆ ಹಬ್ಬಿದ ಲಾನ್‌ಡೇಲ್. ಆ ಕೇರಿಗಳಲ್ಲಿ ಆಗ ಏನೇನಿತ್ತು ಎಂದು ನೋಡಿದರೆ ಸೌದೆ ಮಾರುವವನ ಏಳಿಗೆ ಅರ್ಥವಾಗತೊಡಗುತ್ತದೆ. ಸೊಕೋಲ್ ಎಂಬ ಗರಡಿ ಸಂಘದ ಸಭಾಂಗಣಗಳಿದ್ದವು. ವ್ಯಾಯಾಮದ ಜತೆಗೆ ನಾಟಕ, ಭಾಷಣ, ಮದುವೆ ಎಲ್ಲವೂ ಅಲ್ಲೇ ನಡೆಯುತ್ತಿದ್ದವು. 1875ರಿಂದ ಚೆಕ್ ಭಾಷೆಯ ದಿನಪತ್ರಿಕೆ ಹೊರಡುತ್ತಿತ್ತು. ಸತ್ತವರ ಮನೆಗೆ ಹಣ ಕೊಡುವ ಪರಸ್ಪರ ಸಹಾಯ ಸಂಘಗಳಿದ್ದವು. ಎಲ್ಲಕ್ಕಿಂತ ಹೆಚ್ಚಾಗಿ, ವಾರಕ್ಕಿಷ್ಟು ಎಂದು ಕಟ್ಟಿಸಿಕೊಂಡು ಮನೆ ಕಟ್ಟಲು ಸಾಲ ಕೊಡುತ್ತಿದ್ದ ಉಳಿತಾಯ ಸಂಘಗಳಿದ್ದವು. ಬ್ಯಾಂಕುಗಳು ಬಾಗಿಲಲ್ಲೂ ನಿಲ್ಲಿಸದ ದರ್ಜಿ, ಬಡಗಿ, ಕಸಾಯಿಖಾನೆಯ ಕೂಲಿ ಈ ಸಂಘಗಳ ಸಾಲದಿಂದ ಎರಡಂತಸ್ತಿನ ಇಟ್ಟಿಗೆ ಮನೆ ಕಟ್ಟಿಕೊಂಡ. ಸತ್ತ ಮೇಲೂ ಒಂದು ಜಾಗ ಬೇಕಲ್ಲ, ಅದನ್ನೂ ಅವರೇ ಮಾಡಿಕೊಂಡಿದ್ದರು. ಕ್ಯಾಥೊಲಿಕ್ ಪಾದ್ರಿಯೊಬ್ಬ ಚೆಕ್ ಹೆಂಗಸೊಬ್ಬಳ ಹೆಣ ಹೂಳಲು ಒಪ್ಪದಿದ್ದಾಗ, ಸಿಟ್ಟಿಗೆದ್ದ ಜನ ಸೇರಿ 1877ರಲ್ಲಿ ತಮ್ಮದೇ ಸ್ಮಶಾನ ಕಟ್ಟಿದರು. ಬೊಹೀಮಿಯನ್ ನ್ಯಾಷನಲ್ ಸ್ಮಶಾನ ಎಂದು ಅದರ ಹೆಸರು. ಸರ್ಮ್ಯಾಕನ ಸಮಾಧಿಯೂ ಅಲ್ಲೇ ಇದೆ.

ಇಂಥ ಕೇರಿಯಲ್ಲಿ ಸೌದೆ ಗಾಡಿ ಹೊಡೆಯುವುದೆಂದರೆ ಏನು? ಒಲೆ ಹೊತ್ತಿಸುವ ಚಕ್ಕೆ ಸೌದೆ ಶ್ರೀಮಂತನಿಗೂ ಬೇಕು, ಬಡವನಿಗೂ ಬೇಕು. ಕಾರ್ಖಾನೆಯ ತ್ಯಾಜ್ಯ ಮರವನ್ನು ಅಗ್ಗಕ್ಕೆ ಕೊಂಡು ಮನೆಮನೆಗೆ ಹಾಕುವವನು ಪ್ರತಿ ಹಿತ್ತಲಿಗೂ ಹೋಗುತ್ತಾನೆ. ಯಾರಿಗೆ ಕೆಲಸ ಹೋಗಿದೆ, ಯಾರ ಮನೆಯಲ್ಲಿ ಕಾಯಿಲೆ, ಯಾರ ಮಗನನ್ನು ಪೊಲೀಸರು ಹಿಡಿದಿದ್ದಾರೆ ಎಂಬುದೆಲ್ಲ ಅವನ ಕಿವಿಗೆ ಬೀಳುತ್ತದೆ. ಅವನು ಸಾಲ ಕೊಡುತ್ತಾನೆ, ಸಾಲ ವಸೂಲಿ ಮಾಡುತ್ತಾನೆ, ಯಾರ ಮಾತು ನಂಬಬಹುದು ಎಂದು ಕಲಿಯುತ್ತಾನೆ. ಕಸುಬು ಮನುಷ್ಯನಿಗೆ ಒಳ್ಳೆಯ ಗುಣ ಕಲಿಸುತ್ತದೆ ಎಂದು ಹೊಗಳುವವರು ಇದನ್ನು ಗಮನಿಸುವುದಿಲ್ಲ. ಸರ್ಮ್ಯಾಕನಿಗೆ ಅವನ ಕಸುಬು ಕೊಟ್ಟದ್ದು ಒಂದು ಬಡಾವಣೆಯ ಪೂರ್ತಿ ಪರಿಚಯ. ಬೂತ್ ಮಟ್ಟದ ಕಾರ್ಯಕರ್ತನಿಗೆ ಬೇಕಾದ ಮೊದಲ ಬಂಡವಾಳ ಅದೇ. ಅವನು ಡೆಮಾಕ್ರಾಟ್ ಪಕ್ಷಕ್ಕೆ ಮೊದಲು ದುಡಿದದ್ದೂ ಆ ಮಟ್ಟದಲ್ಲೇ. 1902ರಲ್ಲಿ ಇಲಿನಾಯ್ ರಾಜ್ಯದ ಶಾಸನಸಭೆಗೆ ಆರಿಸಿ ಬಂದ, 1909ರಲ್ಲಿ ನಗರಸಭೆಗೆ.

ನಿಜವಾದ ತಿರುವು ಈ ಎರಡರ ನಡುವೆ, 1906ರಲ್ಲಿ ಇದೆ. ವಿಷಯ ಬಿಯರಿನದು. ಭಾನುವಾರ ಪಡಖಾನೆಗಳನ್ನು ಮುಚ್ಚಬೇಕು, ಪರವಾನಗಿ ಬಿಗಿ ಮಾಡಬೇಕು ಎಂದು ಪ್ರಾಟೆಸ್ಟಂಟ್ ಸುಧಾರಕರು ಪಟ್ಟು ಹಿಡಿದಿದ್ದರು. ವಾರದಲ್ಲಿ ಆರು ದಿನ ದುಡಿಯುವ ಜರ್ಮನ್, ಚೆಕ್, ಪೋಲಿಷ್ ಕೂಲಿಕಾರನಿಗೆ ಸಿಗುತ್ತಿದ್ದದ್ದು ಭಾನುವಾರ ಒಂದೇ. ಹೆಂಡತಿ ಮಕ್ಕಳ ಸಮೇತ ಬಿಯರ್ ತೋಟಕ್ಕೆ ಹೋಗಿ, ಬ್ಯಾಂಡ್ ಕೇಳಿ, ನೆಂಟರನ್ನು ಕಂಡು ಬರುವ ದಿನ ಅದು. ಆ ದಿನವನ್ನೇ ಪಾಪದ ದಿನ ಎಂದು ಕರೆದಾಗ, ಈ ಎಲ್ಲ ಸಮುದಾಯಗಳ ನೂರಾರು ಸಂಘಗಳು ಸೇರಿ ಒಂದು ಒಕ್ಕೂಟ ಕಟ್ಟಿದವು. ಸ್ಥಳೀಯ ಸ್ವಯಂ ಆಡಳಿತಕ್ಕಾಗಿ ಸಂಯುಕ್ತ ಸಂಘಗಳು ಎಂದು ಅದರ ಹೆಸರಿನ ಅರ್ಥ. ಅದರ ಕಾರ್ಯದರ್ಶಿಯಾಗಿ ಸರ್ಮ್ಯಾಕ್ ಬಹುಕಾಲ ದುಡಿದ.

ಇದನ್ನು ಹೆಂಡದಂಗಡಿಯವರ ಲಾಬಿ ಎಂದು ತಳ್ಳಿಹಾಕುವವರು ಇದ್ದಾರೆ. ಬಿಯರ್ ಕಾರ್ಖಾನೆಗಳ ಹಣ ಅದರ ಹಿಂದೆ ಇದ್ದದ್ದು ನಿಜ, ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಆದರೆ ಒಂದೇ ಚರ್ಚಿಗೆ ಹೋಗದ, ಒಂದೇ ಭಾಷೆ ಆಡದ, ಹಳೆಯ ಊರಿನಲ್ಲಿ ಒಬ್ಬರನ್ನೊಬ್ಬರು ದ್ವೇಷಿಸುತ್ತಿದ್ದ ಜನ ಅಲ್ಲಿ ಮೊದಲ ಬಾರಿಗೆ ಒಂದೇ ಮೇಜಿನ ಸುತ್ತ ಕೂತರು. ಜರ್ಮನ್ ಮತ್ತು ಚೆಕ್ ಜನರ ನಡುವಿನ ಹಗೆತನ ಬೊಹೀಮಿಯಾದ ಚರಿತ್ರೆ ಓದಿದವರಿಗೆ ಗೊತ್ತಿರುವ ವಿಷಯ. ಅವರಿಬ್ಬರೂ ಒಂದೇ ಅಭ್ಯರ್ಥಿಗೆ ಮತ ಹಾಕುವಂತೆ ಮಾಡುವುದು ಸಣ್ಣ ಕೆಲಸವಲ್ಲ. ನಿಮ್ಮ ಭಾನುವಾರ ನಿಮ್ಮದು ಎಂಬ ಒಂದು ಮಾತಿನ ಮೇಲೆ ಸರ್ಮ್ಯಾಕ್ ಅದನ್ನು ಸಾಧಿಸಿದ. 1920ರಲ್ಲಿ ದೇಶಾದ್ಯಂತ ಪಾನನಿಷೇಧ ಜಾರಿಗೆ ಬಂದ ಮೇಲೆ ಈ ಒಕ್ಕೂಟ ದುರ್ಬಲವಾಗುವ ಬದಲು ಇನ್ನೂ ಗಟ್ಟಿಯಾಯಿತು. ಆ ಕಾನೂನಿನ ಒಳಗೆ ವಲಸಿಗರ ಬಗ್ಗೆ ಇದ್ದ ತಾತ್ಸಾರ ಯಾರಿಗೂ ಕಾಣದೇ ಇರಲಿಲ್ಲ. 1924ರ ವಲಸೆ ಕಾಯ್ದೆ ಅದನ್ನು ಬಾಯಿಬಿಟ್ಟೇ ಹೇಳಿತು. ಪೂರ್ವ ಮತ್ತು ದಕ್ಷಿಣ ಯೂರೋಪಿನ ದೇಶಗಳಿಂದ ಬರುವವರ ಸಂಖ್ಯೆಯನ್ನು ಅದು ಕತ್ತರಿಸಿ ಹಾಕಿತು. ಇಡೀ ಚೆಕೊಸ್ಲೊವಾಕಿಯಾಕ್ಕೆ ವರ್ಷಕ್ಕೆ ಮೂರು ಸಾವಿರ ಚಿಲ್ಲರೆ ಜನರ ಮಿತಿ. ಸರ್ಮ್ಯಾಕನ ಅಪ್ಪ ಐವತ್ತು ವರ್ಷ ತಡವಾಗಿ ಹಡಗು ಹತ್ತಿದ್ದರೆ ಅವನ ಕುಟುಂಬ ಬಂದರಿನಿಂದಲೇ ಹಿಂತಿರುಗಬೇಕಾಗುತ್ತಿತ್ತೋ ಏನೋ. ಅಮೆರಿಕ ಎಲ್ಲರಿಗೂ ಅವಕಾಶ ಕೊಟ್ಟಿತು ಎಂದು ಇವನ ಕಥೆಯನ್ನು ಉದಾಹರಣೆಗೆ ಹೇಳುವವರು ಈ ಕಾಯ್ದೆಯನ್ನು ಪಕ್ಕದಲ್ಲಿಟ್ಟುಕೊಂಡು ಹೇಳಲಿ.

1922ರಲ್ಲಿ ಕುಕ್ ಕೌಂಟಿ ಮಂಡಳಿಯ ಅಧ್ಯಕ್ಷ ಸ್ಥಾನ ಸಿಕ್ಕಿತು. ಶಿಕಾಗೋದ ರಾಜಕೀಯದಲ್ಲಿ ಇದು ಮೇಯರ್ ಕುರ್ಚಿಗೆ ಹತ್ತಿರದ ಅಧಿಕಾರ: ಆಸ್ಪತ್ರೆ, ಜೈಲು, ಅರಣ್ಯ, ರಸ್ತೆ, ಅವುಗಳ ಜತೆಗೆ ಸಾವಿರಾರು ಉದ್ಯೋಗಗಳು. 26ನೇ ಬೀದಿಯಲ್ಲಿ, ಅವನದೇ ಬಡಾವಣೆಯ ಅಂಚಿನಲ್ಲಿ, ಕ್ರಿಮಿನಲ್ ನ್ಯಾಯಾಲಯದ ದೊಡ್ಡ ಕಟ್ಟಡ ಎದ್ದದ್ದು ಈ ಅವಧಿಯಲ್ಲಿ. 1928ರಲ್ಲಿ ಪಕ್ಷದ ಐರಿಷ್ ನಾಯಕ ಜಾರ್ಜ್ ಬ್ರೆನನ್ ತೀರಿಕೊಂಡಾಗ ಪಕ್ಷದ ಚುಕ್ಕಾಣಿ ಇವನ ಕೈಗೆ ಬಂತು. ಅಲ್ಲಿಯವರೆಗೆ ಡೆಮಾಕ್ರಾಟ್ ಪಕ್ಷ ಎಂದರೆ ಐರಿಷ್ ಜನರ ಮನೆಯ ಆಸ್ತಿ ಎಂಬಂತಿತ್ತು. ಸರ್ಮ್ಯಾಕ್ ಟಿಕೆಟ್ ಹಂಚಿಕೆಯ ರೀತಿಯನ್ನೇ ಬದಲಿಸಿದ. ಒಂದು ಹುದ್ದೆ ಪೋಲಿಷರಿಗೆ, ಒಂದು ಯಹೂದಿಯರಿಗೆ, ಒಂದು ಜರ್ಮನರಿಗೆ, ಒಂದು ಚೆಕ್ ಜನರಿಗೆ. ಐರಿಷರಿಗೂ ಅವರ ಪಾಲು. ಮೇಯರ್ ಆದ ಮೇಲೆ ನಗರದ ಹಣಕಾಸಿನ ಜವಾಬ್ದಾರಿಯನ್ನು ಪೋಲಿಷ್ ಮೂಲದ ಶಿಮ್‌ಚಾಕ್‌ಗೆ ವಹಿಸಿದ. 1932ರಲ್ಲಿ ಇವನ ಬೆಂಬಲದಿಂದ ಹೆನ್ರಿ ಹಾರ್ನರ್ ಇಲಿನಾಯ್ ರಾಜ್ಯದ ಮೊದಲ ಯಹೂದಿ ರಾಜ್ಯಪಾಲನಾದ. ಜಾತಿ ಲೆಕ್ಕಾಚಾರ ನೋಡಿ ಟಿಕೆಟ್ ಹಂಚುವುದನ್ನು ನೋಡುತ್ತ ಬೆಳೆದ ನಮಗೆ ಇದು ಹೊಸದೆನಿಸದು. ನಾವು ಅದನ್ನು ಬೈಯುತ್ತೇವೆ. ಆದರೆ ಹೆಸರು ಹೇಳಿದರೆ ನಗುವ ಊರಿನಲ್ಲಿ ಆ ಹೆಸರಿಗೆ ಒಂದು ಕುರ್ಚಿ ಸಿಗುವುದು ಬರೀ ಲೆಕ್ಕಾಚಾರವಲ್ಲ, ಅದು ಗೌರವದ ಪ್ರಶ್ನೆಯೂ ಹೌದು.

ಹೆಸರು ಹೇಳಿ ನಗುವುದು ನಿಜಕ್ಕೂ ನಡೆಯಿತು. 1931ರ ಚುನಾವಣೆಯಲ್ಲಿ ಎದುರಾಳಿ ವಿಲಿಯಂ ಹೇಲ್ ಥಾಂಪ್ಸನ್. ಬಾಸ್ಟನ್‌ನಲ್ಲಿ ಹುಟ್ಟಿದ ಸಿರಿವಂತರ ಮಗ, ಮೂರು ಬಾರಿ ಮೇಯರ್ ಆಗಿದ್ದವನು. ಸಭೆಗಳಲ್ಲಿ ಸರ್ಮ್ಯಾಕನ ಹೆಸರನ್ನು ಬೇಕೆಂದೇ ತಪ್ಪುತಪ್ಪಾಗಿ ಉಚ್ಚರಿಸುತ್ತಿದ್ದ, ನಿನ್ನ ತಳ್ಳುಗಾಡಿ ಎಲ್ಲಿ ಎಂದು ಪ್ರಾಸ ಕಟ್ಟಿ ಹಂಗಿಸುತ್ತಿದ್ದ, ಇಂಥ ಹೆಸರಿನವನು ನಗರದಲ್ಲಿ ನಡೆಯಲಿದ್ದ ವಿಶ್ವ ಮೇಳದ ಹೊತ್ತಿನಲ್ಲಿ ಮೇಯರ್ ಆಗಿ ನಿಂತರೆ ಹೇಗಿರುತ್ತದೆ ಎಂದು ಕೇಳುತ್ತಿದ್ದ. ತಾನು ಮೇಫ್ಲವರ್ ಹಡಗಿನಲ್ಲಿ ಬರಲಿಲ್ಲ, ಆದರೆ ಆದಷ್ಟು ಬೇಗ ಬಂದೆ ಎಂದು ಸರ್ಮ್ಯಾಕ್ ಕೊಟ್ಟ ಉತ್ತರವನ್ನು ಎಲ್ಲರೂ ಉದ್ಧರಿಸುತ್ತಾರೆ, ಅದು ಚಂದದ ಉತ್ತರವೂ ಹೌದು. ಚಂದದ ಉತ್ತರದಿಂದ ಅವನು ಗೆದ್ದ ಎಂದರೆ ಮಾತ್ರ ನಾನು ಒಪ್ಪುವುದಿಲ್ಲ. ಥಾಂಪ್ಸನ್ ಹಂಗಿಸಿದ್ದು ಒಬ್ಬನನ್ನು, ಅದು ತಾಕಿದ್ದು ಅಂಥ ಹೆಸರಿದ್ದ ಲಕ್ಷಾಂತರ ಜನರಿಗೆ. ಆ ನಗರದಲ್ಲಿ ವಲಸಿಗರು ಮತ್ತು ಅವರ ಮಕ್ಕಳು ಸೇರಿದರೆ ಅರ್ಧಕ್ಕಿಂತ ಹೆಚ್ಚಾಗುತ್ತಿದ್ದರು. ಅವರನ್ನು ಕೇರಿಕೇರಿಯಲ್ಲಿ ಕೂಡಿಸಿ ಇಟ್ಟಿದ್ದ ಇಪ್ಪತ್ತೈದು ವರ್ಷಗಳ ಸಂಘಟನೆ ಅದಾಗಲೇ ಸಿದ್ಧವಾಗಿತ್ತು. ಸರ್ಮ್ಯಾಕ್ ಸುಮಾರು 1,94,000 ಮತಗಳ ಅಂತರದಿಂದ ಗೆದ್ದ. ಥಾಂಪ್ಸನ್ ನಂತರ ಇಂದಿನವರೆಗೆ ಶಿಕಾಗೋಗೆ ರಿಪಬ್ಲಿಕನ್ ಮೇಯರ್ ಬಂದಿಲ್ಲ.

ಇನ್ನೊಂದು ಜನಪ್ರಿಯ ಅಭಿಪ್ರಾಯ ಇದಕ್ಕೆ ತೀರಾ ವಿರುದ್ಧವಾದದ್ದು. ಸರ್ಮ್ಯಾಕ್ ಒಬ್ಬ ಬಾಸ್, ಪಕ್ಷವನ್ನು ಯಂತ್ರವಾಗಿಸಿದವನು, ಹುದ್ದೆ ಹಂಚಿ ಮತ ಕೊಂಡವನು. ಅವನ ಬಗ್ಗೆ 1962ರಲ್ಲಿ ಬಂದ ಆಲೆಕ್ಸ್ ಗಾಟ್‌ಫ್ರೀಡನ ವಿದ್ವತ್ಪೂರ್ಣ ಜೀವನಚರಿತ್ರೆಯ ಹೆಸರಿನಲ್ಲೇ ಬಾಸ್ ಎಂಬ ಮಾತಿದೆ. ಆರೋಪದಲ್ಲಿ ಹುರುಳಿಲ್ಲ ಎನ್ನಲಾಗದು. ಸಾರ್ವಜನಿಕ ಹುದ್ದೆಯಲ್ಲಿದ್ದುಕೊಂಡೇ ನಿವೇಶನ ವ್ಯವಹಾರ ನಡೆಸಿ ಶ್ರೀಮಂತನಾದ. 1932ರ ಡಿಸೆಂಬರಿನಲ್ಲಿ ಇವನ ಆಡಳಿತದ ಪೊಲೀಸರು ಅಲ್ ಕಪೋನ್ ಗುಂಪಿನ ಫ್ರಾಂಕ್ ನಿಟ್ಟಿಯ ಮೇಲೆ ಅವನದೇ ಕಚೇರಿಯಲ್ಲಿ ಗುಂಡು ಹಾರಿಸಿದ ಪ್ರಕರಣ ಕೋರ್ಟಿನಲ್ಲಿ ಪೊಲೀಸರಿಗೇ ತಿರುಗಿ ಬಡಿಯಿತು. ಇವನ್ನೆಲ್ಲ ಬರೆಯಲೇಬೇಕು. ಆದರೆ ಬಾಸ್ ಎಂಬ ಒಂದು ಮಾತಿನಿಂದ ವಿಚಾರ ಮುಗಿಯಿತು ಎನ್ನುವವರು ಹೆಚ್ಚಾಗಿ ಆ ಯಂತ್ರದ ಅಗತ್ಯವೇ ಬೀಳದ ಮನೆಗಳವರು. ಕೆಲಸ ಹೋದ ಪೋಲಿಷ್ ಕೂಲಿಗೆ ವಕೀಲ ಸಿಗುತ್ತಿರಲಿಲ್ಲ, ಪತ್ರಿಕೆಯ ಸಂಪಾದಕ ಸಿಗುತ್ತಿರಲಿಲ್ಲ. ರಾತ್ರಿ ಹನ್ನೊಂದಕ್ಕೆ ಬಾಗಿಲು ತಟ್ಟಿದರೆ ತೆರೆಯುತ್ತಿದ್ದವನು ವಾರ್ಡಿನ ಕಾರ್ಯಕರ್ತನೊಬ್ಬನೇ.

ನನ್ನ ತಕರಾರು ಬೇರೆ ಕಡೆ ಇದೆ. ಹೊಗಳುವವರು, ತೆಗಳುವವರು ಇಬ್ಬರೂ ಅದನ್ನು ಅಡಿಟಿಪ್ಪಣಿಗೆ ತಳ್ಳುತ್ತಾರೆ.

ಸರ್ಮ್ಯಾಕ್ ಒಗ್ಗೂಡಿಸಿದ ಜನರ ಪಟ್ಟಿಯಲ್ಲಿ ಕಪ್ಪು ಜನರು ಇರಲಿಲ್ಲ. 1930ರ ಹೊತ್ತಿಗೆ ಶಿಕಾಗೋದಲ್ಲಿ ಅವರ ಸಂಖ್ಯೆ 2,33,000 ದಾಟಿತ್ತು. ಮಿಸಿಸಿಪಿ, ಅಲಬಾಮಾ, ಲೂಸಿಯಾನಾಗಳ ಹತ್ತಿ ಹೊಲಗಳಿಂದ ರೈಲು ಹತ್ತಿ ಬಂದ ಇವರೂ ವಲಸಿಗರೇ. ಇವರೂ ಕಸಾಯಿಖಾನೆಗಳಲ್ಲಿ, ಉಕ್ಕಿನ ಕಾರ್ಖಾನೆಗಳಲ್ಲಿ, ರೈಲು ಡಬ್ಬಿಗಳಲ್ಲಿ ದುಡಿದರು. ಇವರೂ ತಮ್ಮದೇ ಚರ್ಚು, ಪತ್ರಿಕೆ, ವಿಮಾ ಸಂಘ ಕಟ್ಟಿಕೊಂಡರು. 1928ರಲ್ಲಿ ಆಸ್ಕರ್ ಡಿ ಪ್ರೀಸ್ಟ್‌ನನ್ನು ಅಮೆರಿಕದ ಕಾಂಗ್ರೆಸ್ಸಿಗೆ ಕಳಿಸಿದ್ದರು. ಉತ್ತರದ ರಾಜ್ಯಗಳಿಂದ ಹೋದ ಮೊದಲ ಕಪ್ಪು ಸದಸ್ಯ ಅವನು. ಲಿಂಕನ್ನನ ಪಕ್ಷ ಎಂಬ ಅಭಿಮಾನದಿಂದ, ಮತ್ತು ನಗರಸಭೆಯಲ್ಲಿ ಕೆಲಸ ಕೊಟ್ಟ ಎಂಬ ಕೃತಜ್ಞತೆಯಿಂದ 1931ರಲ್ಲಿ ಅವರ ವಾರ್ಡುಗಳು ಥಾಂಪ್ಸನ್‌ಗೆ ನಿಂತವು. ಸರ್ಮ್ಯಾಕ್ ಗೆದ್ದ ಮೇಲೆ ನಗರಸಭೆಯ ಕಪ್ಪು ನೌಕರರು ದೊಡ್ಡ ಸಂಖ್ಯೆಯಲ್ಲಿ ಕೆಲಸ ಕಳೆದುಕೊಂಡರು. ದಕ್ಷಿಣ ಭಾಗದ ಅವರ ಬಡಾವಣೆಗಳಲ್ಲಿ ಜೂಜಿನ ಹೆಸರಿನಲ್ಲಿ ಪೊಲೀಸ್ ದಾಳಿಗಳು ಹೆಚ್ಚಿದವು.

ಅದೇ ವರ್ಷದ ಆಗಸ್ಟ್ 3ರಂದು ಏನಾಯಿತು ಎಂಬುದನ್ನು ಸರ್ಮ್ಯಾಕನ ಪ್ರತಿ ಜೀವನಚರಿತ್ರೆಯ ನಡುಪುಟದಲ್ಲಿ ಬರೆಯಬೇಕು ಎಂದು ನನಗನಿಸುತ್ತದೆ. ಆರ್ಥಿಕ ಕುಸಿತದ ಕಾಲ. ಬಾಡಿಗೆ ಕೊಡಲಾಗದವರ ಸಾಮಾನನ್ನು ಅಮೀನರು ಬೀದಿಗೆ ತಂದು ಹಾಕುತ್ತಿದ್ದರು, ನಿರುದ್ಯೋಗಿಗಳ ಸಂಘದವರು ಬಂದು ಮಂಚ, ಒಲೆ, ಪೆಟ್ಟಿಗೆಗಳನ್ನು ಮತ್ತೆ ಒಳಗೆ ಇಡುತ್ತಿದ್ದರು. ಆ ದಿನ ದಕ್ಷಿಣ ಭಾಗದಲ್ಲಿ ಹಾಗೆ ಸೇರಿದ ಗುಂಪಿನ ಮೇಲೆ ಪೊಲೀಸರು ಗುಂಡು ಹಾರಿಸಿದರು. ಮೂವರು ಕಪ್ಪು ಜನ ಸತ್ತರು. ಶವಯಾತ್ರೆಯಲ್ಲಿ ಸಾವಿರಾರು ಮಂದಿ ನಡೆದರು, ಬಿಳಿಯ ಕೂಲಿಕಾರರೂ ಅವರಲ್ಲಿದ್ದರು. ಗದ್ದಲ ನೋಡಿ ಸರ್ಮ್ಯಾಕ್ ಸ್ವಲ್ಪ ಕಾಲ ಮನೆ ಖಾಲಿ ಮಾಡಿಸುವುದನ್ನು ನಿಲ್ಲಿಸಿದ. ನಿಲ್ಲಿಸಬಹುದಾಗಿತ್ತು ಎಂದಮೇಲೆ ಮೂರು ಹೆಣ ಬೀಳುವವರೆಗೆ ಕಾದದ್ದೇಕೆ?

ಅವನ ಪರ ವಾದಿಸುವವರಿಗೆ ಎರಡು ಸಮರ್ಥನೆಗಳಿವೆ. ಗೆದ್ದ ಯಾವ ಪಕ್ಷವೂ ಹಿಂದಿನವನು ನೇಮಿಸಿದವರನ್ನು ಇಟ್ಟುಕೊಳ್ಳುವುದಿಲ್ಲ ಎಂಬುದು ಮೊದಲನೆಯದು. ಕಪ್ಪು ಮತದಾರರನ್ನು ಹೆದರಿಸಿಯಾದರೂ ತನ್ನ ಪಕ್ಷಕ್ಕೆ ಎಳೆದುಕೊಳ್ಳುವ ತಂತ್ರ ಅದಾಗಿತ್ತು, ಬದುಕಿದ್ದರೆ ಮುಂದೆ ಪಾಲು ಕೊಡುತ್ತಿದ್ದ ಎಂಬುದು ಎರಡನೆಯದು. ಎರಡೂ ನಿಲ್ಲುವುದಿಲ್ಲ. ಬಹುಕಾಲ ರಿಪಬ್ಲಿಕನ್ನರ ಕಡೆ ವಾಲಿದ್ದ ಜರ್ಮನರನ್ನು ಅವನು ಬೆತ್ತ ಹಿಡಿದು ಕರೆಯಲಿಲ್ಲ, ಕುರ್ಚಿ ಹಾಕಿ ಕರೆದ. ಕಪ್ಪು ಜನರನ್ನೂ ಹಾಗೆ ಕರೆದರೆ ಬರುತ್ತಿದ್ದರು ಎಂಬುದಕ್ಕೆ ಸಾಕ್ಷಿ ಬೇಗನೇ ಸಿಕ್ಕಿತು. ಇವನ ನಂತರ ಬಂದ ಎಡ್ವರ್ಡ್ ಕೆಲ್ಲಿ ಅವರಿಗೆ ಕೆಲಸ ಕೊಟ್ಟ, ಅವರ ಸಭೆಗಳಿಗೆ ಹೋದ. 1935ರ ಚುನಾವಣೆಯಲ್ಲಿ ಅವರ ವಾರ್ಡುಗಳು ಅವನಿಗೆ ಭಾರಿ ಬಹುಮತ ಕೊಟ್ಟವು. ತಾನು ತಳ್ಳುಗಾಡಿಯ ಹಂಗಣೆ ತಿಂದವನಾಗಿ, ಇನ್ನೊಬ್ಬರ ಅವಮಾನ ಹೇಗಿರುತ್ತದೆ ಎಂದು ಸರ್ಮ್ಯಾಕನಿಗೆ ಬೇರೆಯವರಿಗಿಂತ ಚೆನ್ನಾಗಿ ಗೊತ್ತಿರಬೇಕಿತ್ತು. ಗೊತ್ತಿದ್ದೂ ಬಾಗಿಲು ಹಾಕಿದ. ಇದನ್ನು ಕ್ಷಮಿಸಿ ಮುಂದೆ ಹೋಗುವುದು ನನ್ನಿಂದಾಗದು.

ಇನ್ನು ಅವನಿಗೆ ಗುಂಡು ತಗುಲಿದ ಮಯಾಮಿಯ ವಿಷಯಕ್ಕೆ ಬರೋಣ. 1933ರ ಫೆಬ್ರವರಿ 15ರ ರಾತ್ರಿ ಬೇಫ್ರಂಟ್ ಪಾರ್ಕಿನಲ್ಲಿ ರೂಸ್‌ವೆಲ್ಟ್ ತೆರೆದ ಕಾರಿನಲ್ಲಿ ಕೂತು ಚಿಕ್ಕ ಭಾಷಣ ಮಾಡಿದ್ದ. ಸರ್ಮ್ಯಾಕ್ ಕಾರಿನ ಹತ್ತಿರ ಹೋಗಿ ಮಾತಾಡಿ ಸರಿದು ನಿಲ್ಲುವಷ್ಟರಲ್ಲಿ ಗುಂಡುಗಳು ಹಾರಿದವು. ಐದು ಗುಂಡು, ಐದು ಜನಕ್ಕೆ ಗಾಯ. ನಿನಗೆ ತಗಲುವ ಬದಲು ನನಗೆ ತಗಲಿದ್ದು ಸಂತೋಷ ಎಂದು ಸರ್ಮ್ಯಾಕ್ ರೂಸ್‌ವೆಲ್ಟ್‌ಗೆ ಹೇಳಿದನೆಂದು ಪತ್ರಿಕೆಗಳು ಬರೆದವು, ಸಮಾಧಿಯ ಮೇಲೂ ಆ ಮಾತು ಕೆತ್ತಲಾಗಿದೆ. ಎದೆಗೆ ಗುಂಡು ಬಿದ್ದವನು ಅಂಥ ಅಚ್ಚುಕಟ್ಟಾದ ವಾಕ್ಯ ಹೇಳಿದನೇ ಎಂದು ಚರಿತ್ರೆಕಾರರು ಬಹಳ ಹಿಂದೆಯೇ ಅನುಮಾನಿಸಿದ್ದಾರೆ. ನನಗೆ ಅದು ದೊಡ್ಡ ವಿಷಯವಲ್ಲ. ಆ ವಾಕ್ಯ ಅವನನ್ನು ರಾಷ್ಟ್ರಭಕ್ತನನ್ನಾಗಿಸಿ, ಅಲ್ಲಿಗೆ ಹೋದ ಕಾರಣವನ್ನು ಮರೆಸುತ್ತದೆಯಲ್ಲ, ಆ ಬಗ್ಗೆ ನನಗೆ ಬೇಸರ. 1932ರ ಪಕ್ಷದ ಸಮ್ಮೇಳನದಲ್ಲಿ ಅವನು ರೂಸ್‌ವೆಲ್ಟ್ ವಿರುದ್ಧ ಆಲ್ ಸ್ಮಿತ್ ಪರ ನಿಂತಿದ್ದ. ಶಿಕಾಗೋದ ಖಜಾನೆ ಬರಿದಾಗಿತ್ತು, ಆಸ್ತಿ ತೆರಿಗೆ ಕಟ್ಟುವುದನ್ನು ಜನ ನಿಲ್ಲಿಸಿದ್ದರು, ಶಾಲಾ ಶಿಕ್ಷಕರಿಗೆ ತಿಂಗಳುಗಟ್ಟಲೆ ಸಂಬಳವಿರಲಿಲ್ಲ. ಸಂಬಳದ ಬದಲು ಸಿಗುತ್ತಿದ್ದ ಚೀಟಿಯನ್ನು ಅಂಗಡಿಯವರು ಪೂರ್ತಿ ಬೆಲೆಗೆ ತೆಗೆದುಕೊಳ್ಳುತ್ತಿರಲಿಲ್ಲ. ವಿರೋಧಿಸಿದ್ದವನ ಬಳಿಗೇ ಹೋಗಿ ರಾಜಿ ಮಾಡಿಕೊಂಡು ಹಣ ಕೇಳುವುದು ಆ ಪ್ರಯಾಣದ ಉದ್ದೇಶ. ಒಬ್ಬ ಮೇಯರ್ ತನ್ನ ಅಭಿಮಾನ ಬದಿಗಿಟ್ಟು ಮೇಷ್ಟರುಗಳ ಸಂಬಳಕ್ಕಾಗಿ ಹೋಗಿದ್ದ ಎಂಬುದು ಕೆತ್ತಿದ ಆ ವಾಕ್ಯಕ್ಕಿಂತ ದೊಡ್ಡ ಮಾತು. ಮಾರ್ಚ್ 6ರಂದು ಅವನು ತೀರಿಕೊಂಡ.

ಗುಂಡು ಹಾರಿಸಿದ ಜುಸೆಪ್ಪೆ ಜಂಗಾರನೂ ವಲಸಿಗ, ಅವನದೂ ಕೈಕಸುಬು. ಇಟಲಿಯ ಕಲಾಬ್ರಿಯಾದಿಂದ 1923ರಲ್ಲಿ ಬಂದ ಗಾರೆ ಕೆಲಸಗಾರ. ಸದಾ ಹೊಟ್ಟೆನೋವು, ಶ್ರೀಮಂತರ ಮೇಲೆ, ಅಧಿಕಾರಸ್ಥರ ಮೇಲೆ ಕುದಿಯುವ ಸಿಟ್ಟು, ಜತೆಗೆ ಒಂಟಿತನ. ಸರ್ಮ್ಯಾಕ್ ಸತ್ತ ಎರಡೇ ವಾರಕ್ಕೆ, ಮಾರ್ಚ್ 20ರಂದು ಅವನನ್ನು ವಿದ್ಯುತ್ ಕುರ್ಚಿಯಲ್ಲಿ ಕೂರಿಸಿ ಕೊಂದರು. ಒಬ್ಬನ ಸಿಟ್ಟಿನ ಹಿಂದೆ ಸೊಕೋಲ್ ಸಭಾಂಗಣ, ಉಳಿತಾಯ ಸಂಘ, ಭಾನುವಾರದ ಬ್ಯಾಂಡು ಎಲ್ಲ ಇದ್ದವು. ಇನ್ನೊಬ್ಬನ ಸಿಟ್ಟು ಅವನೊಳಗೇ ಕೊಳೆಯಿತು. ಕೊಲೆಗೆ ಇದು ಸಮರ್ಥನೆಯಾಗಲಾರದು. ಆದರೆ ಸ್ವಂತ ಛಲದಿಂದಲೇ ಎಲ್ಲ ಆಗುತ್ತದೆ ಎಂದು ನಂಬುವವರು ಈ ಇಬ್ಬರನ್ನೂ ಒಟ್ಟಿಗೆ ಓದಬೇಕು.

ಸರ್ಮ್ಯಾಕ್ ಕಟ್ಟಿದ ಪಕ್ಷ ಅವನ ಹಿಂದೆಯೇ ಐರಿಷ್ ನಾಯಕರ ಕೈಗೆ ಹೋಯಿತು. ಕೆಲ್ಲಿಯ ನಂತರ ಕೆನೆಲ್ಲಿ, ಆಮೇಲೆ 1955ರಿಂದ 1976ರವರೆಗೆ ರಿಚರ್ಡ್ ಡೇಲಿ. ಕಪ್ಪು ಜನರಿಗೆ ಮತ ಹಾಕುವ ಸ್ಥಾನ ಸಿಕ್ಕಿತು, ನಿರ್ಧರಿಸುವ ಸ್ಥಾನ ಸಿಗಲಿಲ್ಲ. 1983ರಲ್ಲಿ ಹೆರಾಲ್ಡ್ ವಾಷಿಂಗ್ಟನ್ ಕಪ್ಪು ಮತದಾರರ ಜತೆ ಲ್ಯಾಟಿನೋ ಮತದಾರರನ್ನೂ ಒಂದಷ್ಟು ಬಿಳಿಯರನ್ನೂ ಕೂಡಿಸಿ ಗೆದ್ದಾಗ, ಸರ್ಮ್ಯಾಕ್ ಕೂಡಿಸಿದ್ದ ಬಿಳಿಯ ವಾರ್ಡುಗಳಲ್ಲಿ ಬಹುತೇಕವು ಸ್ವಂತ ಪಕ್ಷ ಬಿಟ್ಟು ರಿಪಬ್ಲಿಕನ್ ಅಭ್ಯರ್ಥಿಗೆ ಮತ ಹಾಕಿದವು. ಸರ್ಮ್ಯಾಕನ ಹಳೆಯ ಬಡಾವಣೆ ಅಷ್ಟರಲ್ಲಿ ಮೆಕ್ಸಿಕೋದವರದಾಗಿತ್ತು. ಅಲ್ಲಿನ 22ನೇ ವಾರ್ಡಿನಿಂದ 1986ರಲ್ಲಿ ನಗರಸಭೆಗೆ ಆರಿಸಿ ಬಂದ ಹೆಸೂಸ್ ಗಾರ್ಸಿಯಾ ಬಾಲಕನಾಗಿ ಮೆಕ್ಸಿಕೋದ ದುರಾಂಗೋದಿಂದ ಬಂದವರು. ನಗರಸಭೆ, ಶಾಸನಸಭೆ, ಕೌಂಟಿ ಮಂಡಳಿ: ಅವರು ಹಿಡಿದ ಮೆಟ್ಟಿಲುಗಳೂ ಹೆಚ್ಚುಕಡಿಮೆ ಸರ್ಮ್ಯಾಕನವೇ. ಆದರೆ ಅವರು ರಾಜಕೀಯ ಶುರು ಮಾಡಿದ್ದು ವಾಷಿಂಗ್ಟನ್ ಜತೆ ನಿಂತು. ಸರ್ಮ್ಯಾಕ್ ಮಾಡದೆ ಬಿಟ್ಟದ್ದನ್ನು ಮಾಡಬಹುದಿತ್ತು ಎಂದು ಆ ಬೀದಿಗಳೇ ಅರ್ಧ ಶತಮಾನದ ಮೇಲೆ ತೋರಿಸಿದವು.

ಕನ್ನಡದ ಓದುಗರಿಗೆ ಇದನ್ನೆಲ್ಲ ಹೇಳುವುದಕ್ಕೆ ಕಾರಣವಿದೆ. ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾನೇದಾರ್ 2022ರ ನವೆಂಬರಿನಲ್ಲಿ ಡೆಟ್ರಾಯಿಟ್ ನಗರದಿಂದ ಅಮೆರಿಕದ ಕಾಂಗ್ರೆಸ್ಸಿಗೆ ಆರಿಸಿ ಬಂದರು. ಬಡತನದಿಂದ ಮೇಲೆ ಬಂದ ಅವರ ಶ್ರಮ ದೊಡ್ಡದು, ನಮ್ಮ ಕಡೆಯವರು ಎಂದು ಹೆಮ್ಮೆಪಡುವುದರಲ್ಲಿ ತಪ್ಪಿಲ್ಲ. ಆದರೆ ಬಹುಪಾಲು ಕಪ್ಪು ಜನರೇ ಇರುವ ಆ ನಗರಕ್ಕೆ 1955ರಿಂದ ಕಾಂಗ್ರೆಸ್ಸಿನಲ್ಲಿ ಯಾವಾಗಲೂ ಒಬ್ಬ ಕಪ್ಪು ಪ್ರತಿನಿಧಿಯಾದರೂ ಇದ್ದರು. ಥಾನೇದಾರ್ ಗೆದ್ದ ಚುನಾವಣೆಯ ನಂತರ ಒಬ್ಬರೂ ಉಳಿಯಲಿಲ್ಲ. ಪಕ್ಷದೊಳಗಿನ ಸ್ಪರ್ಧೆಯಲ್ಲಿ ಕಪ್ಪು ಮತಗಳು ಹಲವು ಅಭ್ಯರ್ಥಿಗಳಲ್ಲಿ ಹಂಚಿಹೋಗಿದ್ದವು, ಥಾನೇದಾರ್ ತಮ್ಮ ಸ್ವಂತ ಹಣವನ್ನೇ ದೊಡ್ಡದಾಗಿ ಹಾಕಿದ್ದರು. ಇದು ಅವರ ಮೇಲಿನ ಆರೋಪವಲ್ಲ, ಆ ಗೆಲುವಿನ ಭಾಗ. ಹೊರದೇಶದಲ್ಲಿ ಗೆದ್ದ ನಮ್ಮವರ ಸುದ್ದಿ ಬರೆಯುವ ಪತ್ರಕರ್ತ ಮಿತ್ರರಲ್ಲಿ ನನ್ನ ವಿನಂತಿ ಇಷ್ಟೇ: ಅವರು ಹುಟ್ಟಿದ ಊರಿನ ಜತೆಗೆ ಅವರನ್ನು ಗೆಲ್ಲಿಸಿದ ಕ್ಷೇತ್ರದ ಬಗ್ಗೆಯೂ ನಾಲ್ಕು ಸಾಲು ಬರೆಯಿರಿ. ಅಲ್ಲಿ ಯಾರಿದ್ದಾರೆ, ಅವರಿಗೆ ಮತ ಹಾಕಿದವರು ಯಾರು, ಹಾಕದೆ ಉಳಿದವರಿಗೆ ಮುಂದಿನ ಎರಡು ವರ್ಷಗಳಲ್ಲಿ ಏನು ಸಿಕ್ಕಿತು ಎಂದು ಕೇಳಿ ಬರೆಯಿರಿ.